ನಾಲ್ಕನೇ ಆಯ್ಕೆ ಯಾರ ಪಾಲಿಗೆ?

ಅಕ್ಕ: ಕಾಲೇಜಿನ ಪ್ರಾಜೆಕ್ಟ್ ತಂಡಗಳನ್ನು ಹಂಚೋ ಬಗ್ಗೆ ಒಂದು ಲೇಖನ ಓದಿದೆ. ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಳನ್ನು ಇಷ್ಟದ ಕ್ರಮದಲ್ಲಿ ಬರೆದುಕೊಟ್ಟರೆ ಸಾಕು, ಯಾರು ಯಾವ ತಂಡಕ್ಕೆ ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಾನು ಪಾಠ ಮಾಡೋ ವಿಭಾಗದಲ್ಲೂ ತರಬೇಕು.

ದೊಡ್ಡಪ್ಪ: ಸ್ನೇಹಿತರೇ ಸೇರಿ ತಂಡ ಕಟ್ಟಿಕೊಳ್ಳಲಿ ಬಿಡಮ್ಮ. ಅದಕ್ಕೂ ಗಣಿತ ಬೇಕಾ?

ಅಕ್ಕ: ಹಾಗೆ ಬಿಟ್ಟರೆ ಯಾರ ಪರಿಚಯವೂ ಇಲ್ಲದ ಮಕ್ಕಳು ಉಳಿದುಬಿಡುತ್ತಾರೆ ದೊಡ್ಡಪ್ಪ.

ನಾನು: ಅಕ್ಕ ಹೇಳಿದ್ದು ಸರಿ. ಆದರೆ ಲೇಖನ ಮುಖ್ಯ ವಿಷಯವನ್ನೇ ಹಾರಿಸಿದೆ. ಮೊದಲ ಆಯ್ಕೆ ಸಿಕ್ಕರೆ 1, ಎರಡನೆಯದಕ್ಕೆ 2, ಹೀಗೆ ಅಂಕ ಕೊಟ್ಟು ಒಟ್ಟು ಮೊತ್ತ ಆದಷ್ಟು ಕಡಿಮೆ ಮಾಡೋದು ಅದರ ವಿಧಾನ. ನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಒಂದು ಹಂಚಿಕೆಯಲ್ಲಿ 1, 1, 1, 4. ಇನ್ನೊಂದರಲ್ಲಿ 1, 2, 2, 2. ಎರಡರ ಮೊತ್ತವೂ 7. ಕಂಪ್ಯೂಟರ್‌ಗೆ ಎರಡೂ ಒಂದೇ! ಆದರೆ ಮೊದಲನೆಯದರಲ್ಲಿ ಒಬ್ಬಳು ಸೆಮಿಸ್ಟರ್ ಪೂರ್ತಿ ಬೇಡದ ಕೆಲಸ ಮಾಡಬೇಕು. ಅದೇ ಅಂಕಗಳನ್ನು ಸ್ಕ್ವೇರ್ ಮಾಡಿ ಕೂಡಿ ನೋಡಿ. ಮೊದಲನೆಯದಕ್ಕೆ 19, ಎರಡನೆಯದಕ್ಕೆ 13; ಕಡಿಮೆ ಇರೋದೇ ಗೆಲ್ಲುತ್ತದೆ. ಈಗ ಅವಳ ಕಷ್ಟ ಲೆಕ್ಕಕ್ಕೆ ಬಂತು.

ಅಕ್ಕ: ಎರಡನೇ ಹಂಚಿಕೆಯಲ್ಲಿ ಮೂವರಿಗೆ ಮೊದಲ ಆಯ್ಕೆ ತಪ್ಪಿತಲ್ಲ? ಅವರು ಕೇಳೋದಿಲ್ವಾ?

ನಾನು: ಕೇಳುತ್ತಾರೆ. ಅದಕ್ಕೇ ಇದನ್ನು ನೀವು ಮೇಷ್ಟ್ರುಗಳು ಮೊದಲೇ ತೀರ್ಮಾನಿಸಬೇಕು. ಎರಡನೆಯದು ಸಿಕ್ಕವರ ಬೇಸರಕ್ಕಿಂತ ಕೊನೆಯದು ಸಿಕ್ಕವಳ ಕಷ್ಟ ದೊಡ್ಡದು ಅಂತ ನಾನಂತೂ ನಂಬುತ್ತೇನೆ.

ದೊಡ್ಡಪ್ಪ: ಸುಮ್ನೆ ಚೀಟಿ ಎತ್ತಿ. ಹೆಸರು ಬಂದ ಕ್ರಮದಲ್ಲಿ ಒಬ್ಬೊಬ್ಬರಾಗಿ ಆರಿಸಿಕೊಳ್ಳಲಿ. ಆಗ ತಮ್ಮ ಇಷ್ಟದ ಬಗ್ಗೆ ಸುಳ್ಳು ಹೇಳಿ ಯಾರಿಗೂ ಲಾಭ ಇಲ್ಲ.

ನಾನು: ಅದು ಚೀಟಿಯ ನಿಜವಾದ ಬಲ, ಒಪ್ಪುತ್ತೇನೆ. ಅಂಕದ ಲೆಕ್ಕದಲ್ಲಿ ಚಾಲಾಕಿಗಳು ಎರಡನೇ ಇಷ್ಟವನ್ನು ಬೇಕಂತಲೇ ಕೊನೆಗೆ ಬರೆದು ಮೊದಲನೆಯದನ್ನು ಹೊಡೆದುಕೊಳ್ಳಬಹುದು. ಆದರೆ ಚೀಟಿ ಕೊನೆಗೆ ಬಂದವರಿಗೆ ಉಳಿದದ್ದೇ ಗತಿ, ಅಲ್ವಾ? ತಂಡದ ಷರತ್ತುಗಳೂ ಇವೆ. ನಾಲ್ವರು ಸಿಗದಿದ್ದರೆ ಆ ಪ್ರಾಜೆಕ್ಟೇ ಬೇಡ, ಪ್ರೋಗ್ರಾಮಿಂಗ್ ಬಲ್ಲವರು ಒಬ್ಬರಾದರೂ ಇರಬೇಕು, ಹುಡುಗರ ಮಧ್ಯೆ ಒಬ್ಬಳೇ ಹುಡುಗಿ ಆಗಬಾರದು. ಒಬ್ಬರಿಗೆ ಒಂದು ಕೆಲಸ ಅನ್ನೋ ಸರಳ ಹಂಚಿಕೆಗೆ ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲೇ ‘ಹಂಗೇರಿಯನ್ ವಿಧಾನ’ ಕೊಟ್ಟರು. ಇಷ್ಟು ಷರತ್ತು ಸೇರಿದರೆ ಅದು ಸಾಲದು, ಇಂಟಿಜರ್ ಪ್ರೋಗ್ರಾಮಿಂಗ್ ಬೇಕು, ಅಂದರೆ ಯಾರು ಯಾವ ತಂಡಕ್ಕೆ ಅನ್ನೋದನ್ನು ಪೂರ್ಣಾಂಕಗಳಲ್ಲಿ ಬರೆದು, ಎಲ್ಲ ಷರತ್ತುಗಳೊಳಗೆ ಒಳ್ಳೆಯ ಹಂಚಿಕೆ ಹುಡುಕೋ ಗಣಿತ ವಿಧಾನ.

ಅಕ್ಕ: ವಿಭಾಗದ ಸಭೆಯಲ್ಲಿ ಏನು ಹೇಳಲಿ?

ನಾನು: ಯಾವ ಲೆಕ್ಕ ಅನ್ನೋದನ್ನು ಮಕ್ಕಳು ಪಟ್ಟಿ ಬರೆಯೋ ಮೊದಲೇ ತಿಳಿಸಬೇಕು ಅಂತ ಹೇಳು. ಸರಿಸಮ ಬಂದ ಹಂಚಿಕೆಗಳ ನಡುವೆ ಮಾತ್ರ ಚೀಟಿ.

ದೊಡ್ಡಪ್ಪ: ನನಗೆ ಇನ್ನೂ ಒಪ್ಪಿಗೆ ಇಲ್ಲ. ಕೊನೆಯದು ಸಿಕ್ಕ ಮಗು ಬಂದು ಯಾಕೆ ಅಂತ ಕೇಳಿದರೆ, ಚೀಟಿ ಹಾಗೆ ಬಂತು ಅನ್ನಬಹುದು. ಈ ಸ್ಕ್ವೇರ್ ಎಲ್ಲ ಯಾರು ವಿವರಿಸುತ್ತಾರೆ?

ನಾನು: ಅಕ್ಕನೇ ವಿವರಿಸಬೇಕು. ಆ ಮಗುವನ್ನು ಅದರ ಮೊದಲ ಆಯ್ಕೆಗೆ ಹಾಕಿ ಮತ್ತೆ ಲೆಕ್ಕ ಓಡಿಸಿದರೆ, ಬೇರೆ ಎಷ್ಟು ಜನ ಎಷ್ಟು ಕೆಳಗೆ ಇಳಿಯುತ್ತಾರೆ ಅಂತ ಹೆಸರು ಬಿಟ್ಟು ತೋರಿಸಬಹುದು.