ಮೋಡ್ ಇರುವ ಕ್ರೂಸರ್ ಬೇಕಾ, ಬೇಡ್ವಾ? ಓಡಿಸಿದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ

ನನ್ನ ಹತ್ತಿರ 350 ಸಿಸಿಯ ಕ್ರೂಸರ್ (ತಗ್ಗು ಸೀಟಿನ, ಆರಾಮಾಗಿ ಕೂತು ಹೋಗುವ ಬೈಕ್) ಒಂದಿದೆ. ನಾಲ್ಕು ವರ್ಷ ಓಡಿಸಿದೆ, ಇನ್ನು ದೊಡ್ಡ ಗಾಡಿಗೆ ಹೋಗೋಣ ಅನ್ನಿಸಿದೆ. ನನ್ನ ಎತ್ತರ ಐದಡಿ ಆರಿಂಚು. ತಿಂಗಳಿಗೆ ಎರಡು ಸಲ ತೀರ್ಥಹಳ್ಳಿ, ಆಗುಂಬೆ ಕಡೆ ಹೋಗುತ್ತೇವೆ. ಹೆಂಡತಿ ಹಿಂದೆ ಕೂತಿರುತ್ತಾಳೆ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650 ತಗೊಳ್ಳೋಣ ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಅಷ್ಟರಲ್ಲಿ ಗೆಳೆಯನೊಬ್ಬ 'ರೈಡ್ ಮೋಡ್ ಇಲ್ಲದ ಗಾಡಿಗೆ ಅಷ್ಟು ದುಡ್ಡು ಯಾಕೆ ಸುರೀತೀಯ' ಅಂತ ತಲೆ ಕೆಡಿಸಿದ್ದಾನೆ. ಬೆಂಗಳೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹಾರ್ಲಿ ಡೇವಿಡ್‌ಸನ್ ನೈಟ್‌ಸ್ಟರ್ ನೋಡಿಟ್ಟಿದ್ದಾನೆ. ಕವಾಸಾಕಿ ವಲ್ಕನ್ ಎಸ್ ಮೇಲೂ ನನಗೆ ಒಂದು ಕಣ್ಣಿದೆ. ರೇನ್, ರೋಡ್, ಸ್ಪೋರ್ಟ್ ಅಂತ ಬಟನ್ ಒತ್ತಿದರೆ ಕೈಗೆ ನಿಜವಾಗಲೂ ಗೊತ್ತಾಗುತ್ತದಾ? ಈಗಿನ ಗಾಡಿ ಹಂಪ್ ದಾಟುವಾಗ ಸೆಕೆಂಡ್ ಗೇರಿನಲ್ಲಿ ಝಟಕ್ ಅಂತ ಎಳೆಯುತ್ತದೆ. ಮೋಡ್ ಇದ್ದರೆ ಅದು ತಪ್ಪುತ್ತದಾ ಅನ್ನೋ ಆಸೆಯೂ ಇದೆ.

ಸಕಲೇಶಪುರದಿಂದ

ಎರಡೂ ಓಡಿಸಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನನ್ನದು 2023ರ ಸೂಪರ್ ಮೀಟಿಯರ್. ಭಾವನದು ನೈಟ್‌ಸ್ಟರ್. ಒಟ್ಟಿಗೆ ಹೊರಟರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಗಾಡಿ ಅದಲುಬದಲು ಮಾಡಿಕೊಂಡು ಚಾರ್ಮಾಡಿ ಇಳಿಯುತ್ತೇವೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಮೋಡ್ ಅಂತ ಬರೆದಿದ್ದರೆ ಅದು ರೇಸಿಗೇ (ಆಕ್ಸಿಲರೇಟರ್‌ಗೇ) ಸಂಬಂಧಪಟ್ಟದ್ದು ಅಂತೇನಿಲ್ಲ. ಟಿವಿಎಸ್ ರೋನಿನ್‌ನಲ್ಲಿ ರೇನ್, ಅರ್ಬನ್ ಅಂತ ಎರಡಿವೆ. ಅವು ಬದಲಾಯಿಸೋದು ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುವ ರೀತಿಯನ್ನು ಮಾತ್ರ, ಎಂಜಿನ್ ಹಾಗೇ ಇರುತ್ತದೆ. 2025ರಲ್ಲಿ ಬಜಾಜ್ ತನ್ನ ಎರಡೂ ಡೊಮಿನಾರ್‌ಗಳಿಗೆ ನಾಲ್ಕು ನಾಲ್ಕು ಮೋಡ್ ಕೊಟ್ಟಿತು. 400ರಲ್ಲಿ ಅವು ಎಂಜಿನ್ನಿನ ಸ್ವಭಾವವನ್ನೇ ಬದಲಾಯಿಸುತ್ತವೆ. 250ರಲ್ಲಿ ಮತ್ತೆ ಬರೀ ಎಬಿಎಸ್. ಯಾಕೆಂದರೆ 250ರಲ್ಲಿ ಇನ್ನೂ ಕೇಬಲ್ ಇದೆ. ಕೇಬಲ್ ಗಾಡಿಯಲ್ಲಿ ನಿಮ್ಮ ಕೈ ತಿರುಗಿದಷ್ಟೂ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಗಿಲು ತೆರೆಯುತ್ತದೆ, ನಡುವೆ ಯಾರೂ ಇಲ್ಲ. ಕೇಬಲ್ ಬದಲು ಕಂಪ್ಯೂಟರ್ ಮೂಲಕ ಕೆಲಸ ಮಾಡುವ ರೈಡ್ ಬೈ ವೈರ್‌ನಲ್ಲಿ ನಡುವೆ ಒಬ್ಬ ಮೇಸ್ತ್ರಿ ಇದ್ದಾನೆ. ನಮ್ಮ ಕಾಫಿ ತೋಟದ ಲೆಕ್ಕದಲ್ಲಿ ಹೇಳೋದಾದರೆ, ನೀವು ಹತ್ತು ಆಳು ಕಳಿಸು ಅಂತೀರಿ. ರೇನ್‌ನಲ್ಲಿ ಅವನು ಆರು ಜನರನ್ನು ನಿಧಾನಕ್ಕೆ ಕಳಿಸುತ್ತಾನೆ. ಸ್ಪೋರ್ಟ್‌ನಲ್ಲಿ ನೀವು ಬಾಯಿ ತೆರೆಯೋ ಮೊದಲೇ ಹತ್ತೂ ಜನ ಗೇಟಿನ ಹತ್ತಿರ ನಿಂತಿರುತ್ತಾರೆ.

ಕೈಗೆ ಗೊತ್ತಾಗುತ್ತದಾ ಅಂದಿರಿ. ಖಂಡಿತ ಗೊತ್ತಾಗುತ್ತದೆ. ನೈಟ್‌ಸ್ಟರ್ 975 ಸಿಸಿ, 90 ಕುದುರೆ, 95 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ). ರೇನ್‌ನಲ್ಲಿ ಹಿಡಿಯ ಮೊದಲ ಕಾಲು ಸುತ್ತು ಮೆತ್ತಗಿರುತ್ತದೆ, ಗಾಡಿ ಒಂದು ಉಸಿರು ತಗೊಂಡು ಆಮೇಲೆ ಹೊರಡುತ್ತದೆ. ರೋಡ್‌ನಲ್ಲಿ ಕೈಗೂ ಚಕ್ರಕ್ಕೂ ತಾಳ ಸರಿಯಾಗಿ ಕೂರುತ್ತದೆ. ಸ್ಪೋರ್ಟ್ ನುಣ್ಣನೆ ರಸ್ತೆಯಲ್ಲಿ ಮಜಾ. ಆದರೆ ನಮ್ಮ ರಸ್ತೆ ಗೊತ್ತಲ್ಲ. ಗುಂಡಿಗೆ ಇಳಿದಾಗ ಮೈ ಕುಲುಕುತ್ತದೆ, ಮೈ ಜೊತೆ ಮಣಿಕಟ್ಟೂ ಒಂದು ಎಳೆ ತಿರುಗುತ್ತದೆ. ಆ ಒಂದು ಎಳೆಯನ್ನೂ ಸ್ಪೋರ್ಟ್ ಆಜ್ಞೆ ಅಂತಲೇ ತಿಳಿಯುತ್ತದೆ. ಗಾಡಿ ಮುಂದಕ್ಕೆ ಹಾರುತ್ತದೆ, ನೀವು ಹಿಂದಕ್ಕೆ ವಾಲುತ್ತೀರಿ, ವಾಲಿದಾಗ ಕೈ ಇನ್ನೂ ತಿರುಗುತ್ತದೆ. ಹಿಂದೊಮ್ಮೆ ಬಾಡಿಗೆಗೆ ತಂದ ದೊಡ್ಡ ಗಾಡಿಯೊಂದರಲ್ಲಿ ನಾನು ಇದೇ ಸ್ಪೋರ್ಟ್‌ನಲ್ಲಿ ಯು ಟರ್ನ್ ಹೊಡೆಯಲು ಹೋಗಿ ಟೀ ಅಂಗಡಿ ಮುಂದೆ ಮಲಗಿಸಿದ್ದೇನೆ. ಎತ್ತಲು ನಾಲ್ಕು ಜನ ಬೇಕಾಯಿತು. ತಪ್ಪು ಗಾಡಿಯದಲ್ಲ, ಪೂರ್ತಿ ನನ್ನದೇ.

ಇನ್ನೊಂದು ಸೂಕ್ಷ್ಮ ಇದೆ. ನೈಟ್‌ಸ್ಟರ್‌ನಲ್ಲಿ ರೇನ್ ಹಾಕಿದರೆ ಎಂಜಿನ್ ಬ್ರೇಕಿಂಗ್ (ರೇಸ್ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ಹಿಡಿಯುವುದು) ಕೂಡ ಕಮ್ಮಿ ಆಗುತ್ತದೆ. ಒದ್ದೆ ರಸ್ತೆಯಲ್ಲಿ ರೇಸ್ ಬಿಟ್ಟ ತಕ್ಷಣ ಹಿಂದಿನ ಚಕ್ರ ಜಗ್ಗಿ ಜಾರಬಾರದು ಅಂತ ಹಾಗೆ ಮಾಡಿದ್ದಾರೆ. ಒಳ್ಳೆಯದೇ. ಆದರೆ ಘಾಟಿ ಇಳಿಯುವಾಗ ಎಂಜಿನ್ ಹಿಡಿಯುತ್ತದೆ ಅಂತ ನಂಬಿ ಕೂತರೆ ತಿರುವು ನಿರೀಕ್ಷೆಗಿಂತ ಬೇಗ ಬಂದುಬಿಡುತ್ತದೆ. ಮೊದಲ ಸಲ ಮಳೆಯಲ್ಲಿ ಚಾರ್ಮಾಡಿ ಇಳಿದಾಗ ಎರಡು ತಿರುವಿನಲ್ಲಿ ನನ್ನ ಎದೆ ಬಾಯಿಗೆ ಬಂತು. ಈಗ ಅಲ್ಲಿ ಒಂದು ಗೇರ್ ಕೆಳಗಿಟ್ಟುಕೊಂಡು, ಹಿಂದಿನ ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿಯುತ್ತೇನೆ.

ಈಗ ಸೂಪರ್ ಮೀಟಿಯರ್. ಕೇಬಲ್ ರೇಸ್, ಮೋಡ್ ಇಲ್ಲ, ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. 648 ಸಿಸಿ, 47 ಕುದುರೆ, 52.3 ನ್ಯೂಟನ್ ಮೀಟರ್. ಆ ಟಾರ್ಕ್‌ನಲ್ಲಿ ನೂರಕ್ಕೆ 80ರಷ್ಟು 2500 ಆರ್‌ಪಿಎಂಗೇ (ನಿಮಿಷಕ್ಕೆ ಎಂಜಿನ್ ಸುತ್ತುವ ಲೆಕ್ಕ) ಸಿಗುತ್ತದೆ ಅಂತ ಕಂಪನಿ ಹೇಳುತ್ತದೆ. ಓಡಿಸಿದರೆ ಹೌದು ಅನ್ನಿಸುತ್ತದೆ. ಮೂರನೇ ಗೇರಿನಲ್ಲಿ ನಲವತ್ತಕ್ಕೆ ಬಂದು ರೇಸ್ ಕೊಟ್ಟರೂ ಗೊಣಗದೆ ಘಾಟಿ ಹತ್ತುತ್ತದೆ. ಮಳೆಗೆ ನಾನು ಮಾಡುವುದು ಇಷ್ಟೇ, ಯಾವಾಗಲೂ ಇರುವುದಕ್ಕಿಂತ ಒಂದು ಗೇರ್ ಮೇಲೆ ಇಡುತ್ತೇನೆ. ಚಕ್ರಕ್ಕೆ ಹೋಗುವ ಎಳೆತ ತಾನಾಗಿ ಮೆತ್ತಗಾಗುತ್ತದೆ. ನನ್ನ ರೇನ್ ಮೋಡ್ ಎಡಗಾಲಿನಲ್ಲಿದೆ.

ಹಾಗಂತ ಎಲೆಕ್ಟ್ರಾನಿಕ್ಸ್ ದಂಡ ಅಂತಲ್ಲ. ಡಿಸೆಂಬರ್, ಜನವರಿಯಲ್ಲಿ ಹಾಸನದ ಕಡೆ ಒಳರಸ್ತೆಯಲ್ಲಿ ಹೋಗಿದ್ದೀರಾ? ರಸ್ತೆ ಮೇಲೇ ರಾಗಿ, ಹುರುಳಿ ಹಾಸಿ ಒಕ್ಕಣೆ ಮಾಡುತ್ತಿರುತ್ತಾರೆ. ಆ ಒಣ ಹುಲ್ಲಿನ ಮೇಲೆ ಭಾವನ ಗಾಡಿಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿಣುಕಿತು, ಗಾಡಿ ಅಲ್ಲಾಡಲಿಲ್ಲ. ಅದೇ ಜಾಗದಲ್ಲಿ ನಾನು ಉಸಿರು ಬಿಗಿಹಿಡಿದು, ಕ್ಲಚ್ ಅರ್ಧ ಹಿಡಿದು ದಾಟಿದೆ. ನನ್ನ ಮಟ್ಟಿಗೆ ದುಡ್ಡು ಕೊಡುವಷ್ಟು ಬೆಲೆ ಇರೋದು ಆ ದೀಪಕ್ಕೆ. ಮೂರು ಮೋಡ್‌ಗಳಲ್ಲಿ ಭಾವ ಎರಡನ್ನು ಮಾತ್ರ ಬಳಸುತ್ತಾರೆ. ಸ್ಪೋರ್ಟ್ ಹಾಕುವುದು ಯಾರಾದರೂ ನೋಡುತ್ತಿದ್ದರೆ ಮಾತ್ರ!

ಮೈಸೂರಿನಿಂದ

ವಲ್ಕನ್ ಎಸ್ ಇಟ್ಟುಕೊಂಡಿದ್ದೇನೆ. ಇದಕ್ಕೂ ಮೋಡ್ ಇಲ್ಲ. 649 ಸಿಸಿ, 61 ಕುದುರೆ. ಕವಾಸಾಕಿಯದೇ ಸ್ಪೋರ್ಟ್ಸ್ ಬೈಕ್ ನಿಂಜಾ 650ರ ಮನೆತನದ ಎಂಜಿನ್, ಕ್ರೂಸರ್ ಬಟ್ಟೆ ಹಾಕಿಕೊಂಡಿದೆ ಅಷ್ಟೇ. 62 ನ್ಯೂಟನ್ ಮೀಟರ್ ಟಾರ್ಕ್ ಪೂರ್ತಿ ಸಿಗೋದು 6600 ಆರ್‌ಪಿಎಂನಲ್ಲಿ. ಸೂಪರ್ ಮೀಟಿಯರ್‌ನಷ್ಟು ಕೆಳಗೆ ಎಳೆಯುವುದಿಲ್ಲ, ಮೇಲೆ ಹೋದಂತೆ ಹುರುಪು ಜಾಸ್ತಿ. ಸೀಟು 705 ಮಿ.ಮೀ., ನಿಮ್ಮ ಎತ್ತರಕ್ಕೆ ಎರಡೂ ಪಾದ ಪೂರ್ತಿ ಊರಬಹುದು. ಸೂಪರ್ ಮೀಟಿಯರ್‌ನ 740ಕ್ಕೂ ತೊಂದರೆ ಇಲ್ಲ ಬಿಡಿ.

ನನ್ನ ಗೋಳು ರಸ್ತೆಯದು. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ದಾರಿಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹಂಪ್ ಮೇಲೆ ಹಂಪ್. 130 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇಟ್ಟುಕೊಂಡು ಅಲ್ಲಿ ಹೋಗುವಾಗ ಬೇಕಾಗಿರುವುದು ತಾಳ್ಮೆ ಮೋಡ್.

ನಮ್ಮಪ್ಪ ಯಾದವಗಿರಿ ಕಾರ್ಖಾನೆಯಲ್ಲಿ ತಯಾರಾದ ಯೆಜ್ಡಿ ಓಡಿಸುತ್ತಿದ್ದರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೂ ಗಾಡಿ ಮಾರಲಿಲ್ಲ. ಅದಕ್ಕೆ ಇದ್ದದ್ದು ಒಂದೇ ಮೋಡ್, ಹೊಗೆ.

ಬೆಂಗಳೂರಿನಿಂದ

ನಾನು ನೈಟ್‌ಸ್ಟರ್ ಸ್ಪೆಷಲ್ ಓಡಿಸುತ್ತೇನೆ. ಗೆಳೆಯರು ನೋಡಿಟ್ಟಿರುವುದು 2022ರಲ್ಲಿ ಬಂದ ಬೇಸ್ ಮಾದರಿಯಾ ಅಂತ ಕೇಳಿ. ಅದು ಒಂಟಿ ಸೀಟಿನದು. ನಿಮ್ಮ ಮನೆಯವರನ್ನು ಎಲ್ಲಿ ಕೂರಿಸುತ್ತೀರಿ? ಸ್ಪೆಷಲ್‌ನಲ್ಲಿ ಹಿಂದೆ ಸೀಟಿದೆ, ಆದರೆ ಸೋಫಾ ಅಂದುಕೊಳ್ಳಬೇಡಿ.

ಗೊರಗುಂಟೆಪಾಳ್ಯದ ಟ್ರಾಫಿಕ್‌ನಲ್ಲಿ ನಾನು ಬಿಸಿಲಿದ್ದರೂ ರೇನ್ ಹಾಕುತ್ತೇನೆ. ಬಿಟ್ಟು ಹಿಡಿದು ಹೋಗುವಾಗ ಕೈಗೆ ಆರಾಮ. ನನ್ನ ಯಜಮಾನರು ಹಿಂದೆ ಕೂತಾಗಲೂ ಅಷ್ಟೇ. ಅವರ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಎಷ್ಟು ಸಲ ಟಕ್ ಅಂತ ಬಡಿಯಿತು ಅನ್ನೋದೇ ನನ್ನ ಅಳತೆ. ರೇನ್‌ನಲ್ಲಿ ಹೆಚ್ಚುಕಡಿಮೆ ಇಲ್ಲ. ರೋಡ್‌ನಲ್ಲಿ ಅಲ್ಲೊಂದು ಇಲ್ಲೊಂದು. ಸ್ಪೋರ್ಟ್‌ನಲ್ಲಿ ಅವರೇ ಇಳಿದು ಮೆಟ್ರೋ ಹಿಡಿಯುತ್ತೇನೆ ಅಂದರು.

ಪೆಟ್ರೋಲ್ ಟ್ಯಾಂಕ್ 11.7 ಲೀಟರ್, ಅದೂ ಸೀಟಿನ ಕೆಳಗೆ. ಬಂಕಿನ ಹುಡುಗರು ಪ್ರತಿ ಸಲವೂ ಮುಂದಿನ ಟ್ಯಾಂಕಿನ ಮುಚ್ಚಳ ಹುಡುಕುತ್ತಾರೆ. ಸೂಪರ್ ಮೀಟಿಯರ್‌ನಲ್ಲಿ 15.7 ಲೀಟರ್ ಹಿಡಿಯುತ್ತದೆ. ಆಗುಂಬೆ ಕಡೆ ಹೋಗುವವರಿಗೆ ಈ ನಾಲ್ಕು ಲೀಟರ್ ದೊಡ್ಡದು. ಹೊಸದು ತಗೊಳ್ಳುವುದಾದರೆ ಇನ್ನೊಂದು ಲೆಕ್ಕ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ ಜಿಎಸ್‌ಟಿ ಶೇಕಡಾ 40. ಮೊದಲು ಸೆಸ್ ಸೇರಿ 31 ಇತ್ತು.

ಡಲ್ಲಾಸ್‌ನಿಂದ

ನಿಮ್ಮ ಪಟ್ಟಿಯಲ್ಲಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಎರಡು ದಿನ ಬಿಎಂಡಬ್ಲ್ಯು ಆರ್ 18 ಬಾಡಿಗೆಗೆ ತಂದಿದ್ದೆ. 1802 ಸಿಸಿ, 345 ಕೆಜಿ. ಅದರ ಮೋಡ್‌ಗಳ ಹೆಸರು ರಾಕ್, ರೋಲ್, ರೇನ್. ರಾಕ್ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಅಜ್ಜಿಯ ಒನಕೆ ಕುಟ್ಟಿದ ಹಾಗೆ ಕುಲುಕುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾರೆ. ಟೆಕ್ಸಸ್‌ನ ನೇರ ರಸ್ತೆಯಲ್ಲಿ ಮೂರು ಮೋಡ್‌ಗೂ ವ್ಯತ್ಯಾಸ ಹುಡುಕುತ್ತಾ ಕೂರಬೇಕಾಯಿತು. 3000 ಆರ್‌ಪಿಎಂಗೇ 158 ನ್ಯೂಟನ್ ಮೀಟರ್ ಇದ್ದರೆ ಕೈ ಎಷ್ಟು ತಿರುಗಿಸಿದರೇನು.

ಹುಬ್ಬಳ್ಳಿಯಿಂದ

ನಾನು ಗ್ಯಾರೇಜ್ ನಡೆಸುವವನು. ನೀವು ಕೊನೆಗೆ ಒಂದು ಮಾತು ಬರೆದಿದ್ದೀರಿ, ಅದನ್ನು ಯಾರೂ ನೋಡಿಲ್ಲ. ಹಂಪ್ ಮೇಲೆ ಝಟಕ್ ಅಂದರೆ ಮೊದಲು ಚೈನ್ ನೋಡ್ರೀ ಸರ್. ಚೈನ್ ಸಡಿಲ ಇದ್ದರೆ ರೇಸ್ ಕೊಟ್ಟಾಗ ಮೊದಲು ಆ ಸಡಿಲು ತುಂಬಬೇಕು, ಆಮೇಲೆ ಚಕ್ರಕ್ಕೆ ಎಳೆತ ಹೋಗಬೇಕು. ಆ ಹೊಡೆತವೇ ನಿಮ್ಮ ಝಟಕ್. ಎರಡನೆಯದು ಕೇಬಲ್. ಹಿಡಿ ತಿರುಗಿಸಿದಾಗ ಎರಡು ಮೂರು ಮಿಲಿಮೀಟರ್ ಖಾಲಿ ಆಟ ಇದ್ದರೆ ಸರಿ. ಅದಕ್ಕಿಂತ ಜಾಸ್ತಿ ಇದ್ದರೆ ನೀವು ಖಾಲಿ ತಿರುಗಿಸಿ ತಿರುಗಿಸಿ ಒಮ್ಮೆಗೇ ಹಿಡಿಯುತ್ತೀರಿ. ಎರಡೂ ಸರಿ ಮಾಡೋದು ಅರ್ಧ ಗಂಟೆ ಕೆಲಸ. ನೈಟ್‌ಸ್ಟರ್ ಮೆತ್ತಗೆ ಅನ್ನಿಸೋದಕ್ಕೆ ಚೈನ್ ಬದಲು ಅದರಲ್ಲಿರುವ ಬೆಲ್ಟ್ ಕೂಡ ಒಂದು ಕಾರಣ. ಎಲ್ಲಾ ಹೆಸರೂ ಮೋಡ್‌ಗೇ ಹೋಗುತ್ತದೆ.

ದಾವಣಗೆರೆಯಿಂದ

ಎಲ್ಲರಿಗೂ ಥ್ಯಾಂಕ್ಸ್. ನೈಟ್‌ಸ್ಟರ್ ಒಂಟಿ ಸೀಟಿನದೇ ಅಂತೆ, ಮನೆಯಲ್ಲಿ ಹೇಳಿದೆ, ಮಾತು ಅಲ್ಲಿಗೆ ಮುಗಿಯಿತು. ಈ ವಾರ ಟೆಸ್ಟ್ ರೈಡ್ ತಗೊಳ್ಳುತ್ತೇನೆ. ಏನು ನೋಡಲಿ?

ಸಕಲೇಶಪುರದಿಂದ

ಹೈವೇಗೆ ಹೋಗಿ ನೂರು ಮುಟ್ಟಿಸಿ ಬರಬೇಡಿ. ನೂರರಲ್ಲಿ ಎಲ್ಲಾ ಗಾಡಿಯೂ ಚೆನ್ನಾಗಿರುತ್ತದೆ. ನನಗೆ ಒಂದು ಶೋರೂಮಿನವರು ನಾಲ್ಕು ಲೇನಿನ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಲು ಬಿಟ್ಟು, ಹೇಗಿದೆ ಸರ್ ಅಂತ ಫಾರ್ಮ್ ಮುಂದಿಟ್ಟಿದ್ದರು. ಅದರಿಂದ ಏನೂ ಗೊತ್ತಾಗಲ್ಲ. ನೀವು ಗಲ್ಲಿಗೆ ನುಗ್ಗಿ. ಸೆಕೆಂಡ್ ಗೇರಿನಲ್ಲಿ ಹಂಪ್ ದಾಟಿ, ರೇಸ್ ಪೂರ್ತಿ ಬಿಟ್ಟು ಮತ್ತೆ ಮುಟ್ಟಿ. ಆ ಮುಟ್ಟುವ ಕ್ಷಣ ಹೇಗಿದೆ ಅನ್ನೋದೇ ಮುಖ್ಯ. ಆಮೇಲೆ ಒಂದು ಯು ಟರ್ನ್. 241 ಕೆಜಿ ಗಾಡಿ, ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಸ್ವಲ್ಪ ಒತ್ತಿಕೊಂಡೇ ತಿರುಗಿಸಿ. ಮೋಡ್ ಇರುವ ಗಾಡಿ ಸಿಕ್ಕಿದರೆ ಇದೇ ಎರಡು ಕೆಲಸ ಪ್ರತಿ ಮೋಡ್‌ನಲ್ಲೂ ಮಾಡಿ. ರೇಸ್ ಪೂರ್ತಿ ಬಿಟ್ಟ ಮೇಲೇ ಮೋಡ್ ಬದಲಾಗುವ ಗಾಡಿಗಳೇ ಜಾಸ್ತಿ, ಬಟನ್ ಕೆಲಸ ಮಾಡ್ತಿಲ್ಲ ಅಂತ ಗಾಬರಿಯಾಗಬೇಡಿ. ಮನೆಯವರನ್ನೂ ಕರ್ಕೊಂಡು ಹೋಗಿ. ಬೆಂಗಳೂರಿನ ಮೇಡಂ ಹೇಳಿದ ಹೆಲ್ಮೆಟ್ ಲೆಕ್ಕ ಅವರೇ ಹಾಕಲಿ.

ದಾವಣಗೆರೆಯಿಂದ

ಹುಬ್ಬಳ್ಳಿ ಅಣ್ಣನವರ ಮಾತು ಕೇಳಿ ನಿನ್ನೆ ಸಂಜೆ ಚೈನ್ ಬಿಗಿ ಮಾಡಿಸಿದೆ. ಕೈಯಲ್ಲಿ ಎತ್ತಿದರೆ ಉಯ್ಯಾಲೆ ಥರ ತೂಗುತ್ತಿತ್ತು. ಮುಕ್ಕಾಲು ಪಾಲು ಝಟಕ್ ಹೋಗಿದೆ. ಮನೆಯವಳು ಹಿಂದೆ ಕೂತು ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, 'ಗಾಡಿ ಸರಿ ಇದೆಯಲ್ಲ, ಮತ್ತೆ ಹೊಸದು ಯಾಕೆ' ಅಂದಳು. ಭಾನುವಾರದ ಟೆಸ್ಟ್ ರೈಡ್ ಮಾತ್ರ ಕ್ಯಾನ್ಸಲ್ ಮಾಡಿಲ್ಲ.