ಸಂಜೆ ನೀರು ಕಾಯಲು ಏಕಿಷ್ಟು ತಡ?

ಪ್ರಶ್ನೆ: ಮೂಡಿಗೆರೆ ಬಳಿ ನಮ್ಮ ಮನೆ. 1500 ವ್ಯಾಟ್‌ನ ಹೀಟರ್ ಕಾಯಿಲ್ ಸಂಜೆ ಒಂದು ಬಕೆಟ್ ನೀರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಳೆದರೆ 180 ವೋಲ್ಟ್, 5.1 ಆಂಪಿಯರ್. ಅಮ್ಮ ಹೊಸದು ತರಲು ಹೇಳುತ್ತಿದ್ದಾರೆ. ಕಾಯಿಲ್ ಕೆಟ್ಟಿದೆಯೇ?

ಉತ್ತರ: ಖಂಡಿತ ಇಲ್ಲ, ದುಡ್ಡು ಉಳಿಸಿ. 180ನ್ನು 5.1ರಿಂದ ಭಾಗಿಸಿ: ರೋಧ ಸುಮಾರು 35 ಓಮ್. ಮನೆಗೆ ಬರಬೇಕಾದ 230 ವೋಲ್ಟ್‌ನಲ್ಲಿ 1500 ವ್ಯಾಟ್ ಕೊಡುವ ಕಾಯಿಲ್‌ಗೂ ಅಷ್ಟೇ ಇರಬೇಕು. ಗುಣಿಸಿದರೆ ಈಗಿನ ಶಕ್ತಿ 918 ವ್ಯಾಟ್. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದರೆ ಶಕ್ತಿ ವರ್ಗದ ಲೆಕ್ಕದಲ್ಲಿ ಕುಸಿಯುತ್ತದೆ.

ಉತ್ತರ: ಹಾಸನದಲ್ಲಿ ವೈರಿಂಗ್ ಕೆಲಸ ಮಾಡುತ್ತೇನೆ. ಹೀಟರ್ ಆರಿಸಿ ಮತ್ತೊಮ್ಮೆ ಅಳೆಯಿರಿ. ಆಗ 230 ತೋರಿಸಿದರೆ ಆ 50 ವೋಲ್ಟ್ ತಂತಿಯಲ್ಲೋ ಸಡಿಲ ಸಾಕೆಟ್‌ನಲ್ಲೋ ಕಳೆದುಹೋಗುತ್ತಿದೆ. ಅಂದರೆ 255 ವ್ಯಾಟ್ ಶಾಖ! ಬೆಂಕಿ ಹತ್ತಲು ಅಷ್ಟು ಸಾಕು.

ಪ್ರಶ್ನೆ ಕೇಳಿದವರು: ಆರಿಸಿದಾಗಲೂ 184, ಅಂದರೆ ಬರುವ ವೋಲ್ಟೇಜೇ ಕಡಿಮೆ. ಸಾಕೆಟ್ ತಣ್ಣಗೇ ಇದೆ. ಅಮ್ಮನಿಗೆ ಲೆಕ್ಕ ತೋರಿಸಿದೆ, ಒಪ್ಪಿಕೊಂಡರು.