ಗುಂಡನ ಗಡಿ ವಿವಾದ

ಶ್ರೀಪತಿ ಮನೆಗೆ ಹೋದರೆ ಈಗ ಚಪ್ಪಲಿ ಹೊರಗೆ ಬಿಟ್ಟರಷ್ಟೇ ಸಾಲದು. ಒಳಗೆ ಕಾಲನ್ನೂ ಮೇಲೆತ್ತಿಕೊಂಡು ಕೂರಬೇಕು. ಗುಂಡ ಓಡಾಡುತ್ತಿರುತ್ತಾನೆ.

ಗುಂಡ ಅಂದರೆ ಮೊಮ್ಮಗ ಅಲ್ಲ, ಕಸ ಗುಡಿಸುವ ರೋಬೋಟ್. ದೋಸೆ ಹಂಚಿನಷ್ಟು ಅಗಲ, ಕಪ್ಪು ಮೈ, ಮಧ್ಯೆ ಮಧ್ಯೆ ಇಂಗ್ಲಿಷಿನಲ್ಲಿ ಮಾತು. ಕ್ಯಾಲಿಫೋರ್ನಿಯಾದ ಮಗ ರಜೆಗೆ ಬಂದಾಗ, ಅಪ್ಪ ಅಮ್ಮ ಸೊಂಟ ಬಗ್ಗಿಸೋದು ತಪ್ಪಲಿ ಅಂತ ತಂದುಕೊಟ್ಟದ್ದು. ಈಗ ಗುಂಡ ಹೊರಡುವ ಮೊದಲು ಶ್ರೀಪತಿ ಬಗ್ಗಿ ಚಾಪೆ ಸುತ್ತಿಡುತ್ತಾನೆ. ಬಗ್ಗಿ ವೈರುಗಳನ್ನು ಎತ್ತಿ ಕಟ್ಟುತ್ತಾನೆ. ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕುತ್ತಾನೆ. ದುಂಡಗಿನ ಯಂತ್ರ ಅಲ್ವಾ, ಮೂಲೆಗೆ ಮುಟ್ಟುವುದಿಲ್ಲ. ಅಲ್ಲಿ ಉಳಿದದ್ದನ್ನು ವಿಶಾಲಮ್ಮ ಪೊರಕೆಯಲ್ಲಿ ತೆಗೆಯುತ್ತಾರೆ.

"ಮೂರು ಜನ ಸೇರಿ ಮಾಡೋ ಕೆಲಸ ಆಗಿದೆ ನೋಡಿ," ಎಂದರು ಅವರು, ಕಾಫಿ ಲೋಟಗಳನ್ನು ಇಡುತ್ತಾ. "ಮೊದಲು ನಾನೊಬ್ಬಳೇ ಮುಗಿಸ್ತಿದ್ದೆ."

ಮೈಸೂರಿನ ಲಕ್ಷ್ಮೀಪುರಂನ ಈ ಹಳೇ ತೊಟ್ಟಿ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ಸೇರುವುದು ರೂಢಿ. ಮೊದಲೆಲ್ಲ ರಾಜಕೀಯ, ಮಳೆ, ಈರುಳ್ಳಿ ರೇಟು ಅಂತ ಮಾತಾಡುತ್ತಿದ್ದೆವು. ಈಗ ಗುಂಡ ಬಿಟ್ಟರೆ ಬೇರೆ ವಿಷಯವಿಲ್ಲ.

ಲೈನ್‌ಮನ್ ಆಗಿ ನಿವೃತ್ತನಾದ ನಾಗೇಂದ್ರ, ಗುಂಡ ಬಂದ ದಿನವೇ ಕನ್ನಡಕ ಏರಿಸಿ ಅವನ ಚಾರ್ಜರ್ ಹಿಡಿದು ಓದಿದ್ದ. ಅದಕ್ಕೆ ಕಾರಣ ಇತ್ತು. ಹೋದ ಸಲ ಮಗ ತಂದ ಕಾಫಿ ಯಂತ್ರ ಇಲ್ಲಿ ಪ್ಲಗ್ಗಿಗೆ ಹಾಕಿದ ಕೂಡಲೇ ಒಂದೇ ಒಂದು ಸಲ ಹೊಗೆ ಬಿಟ್ಟು ಮೌನವಾಗಿತ್ತು. ಅಲ್ಲಿ 120 ವೋಲ್ಟ್, ಇಲ್ಲಿ 230. ಗುಂಡನ ಚಾರ್ಜರ್ ಮೇಲೆ 100ರಿಂದ 240 ಅಂತ ಬರೆದಿತ್ತು. "ಇವನು ಬದುಕ್ತಾನೆ ಬಿಡಯ್ಯ," ಅಂತ ನಾಗೇಂದ್ರ ತೀರ್ಪು ಕೊಟ್ಟ.

ಬದುಕಿದ. ಆದರೆ ಅರ್ಧ ಮನೆಯಲ್ಲಿ ಮಾತ್ರ.

ಈ ಮನೆಯ ನೆಲ ಹಳೇ ಕಾಲದ ರೆಡ್ ಆಕ್ಸೈಡ್. ಕನ್ನಡಿಯ ಹೊಳಪು, ಬರಿಗಾಲಿಗೆ ತಂಪು. ಪ್ರತಿ ಅಂಕಣದ ಸುತ್ತ ಗೇಣಗಲದ ಕಪ್ಪು ಅಂಚು. ಗುಂಡ ನಡುಮನೆಯ ಕೆಂಪಿನಲ್ಲಿ ಖುಷಿಯಾಗಿ ಸುತ್ತುತ್ತಾನೆ. ಕಪ್ಪು ಅಂಚು ಬಂತೋ, ಗಕ್ಕನೆ ನಿಂತು ಹಿಂದೆ ಸರಿಯುತ್ತಾನೆ. ಆಚೆ ರೂಮಿಗೆ ಕಾಲಿಡುವುದಿಲ್ಲ.

"ಮಡಿ ಇರಬೇಕು," ಎಂದ ನಾಗೇಂದ್ರ.

ಸುಮತಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು. ಸುಮ್ನೆ ಇರುತ್ತಾರೆಯೇ? ಗುಂಡನನ್ನು ಅಂಗಾತ ಮಲಗಿಸಿದರು. ಹೊಟ್ಟೆಯ ಅಂಚಿನಲ್ಲಿ ಸಣ್ಣ ಸಣ್ಣ ಕಣ್ಣುಗಳಿದ್ದವು. ತಮ್ಮ ಫೋನಿನ ಸೆಲ್ಫಿ ಕ್ಯಾಮೆರಾವನ್ನು ಅದಕ್ಕೆ ಹಿಡಿದರು. ಬರಿಗಣ್ಣಿಗೆ ಏನೂ ಇಲ್ಲ, ಫೋನಿನಲ್ಲಿ ಮಾತ್ರ ನೇರಳೆ ಬಣ್ಣದ ಮಿಣುಕು.

"ಇದು ಇನ್‌ಫ್ರಾರೆಡ್. ಟಿವಿ ರಿಮೋಟಿನಲ್ಲಿ ಇರೋದೂ ಇದೇ. ನೆಲಕ್ಕೆ ಬೆಳಕು ಬಿಡ್ತಾನೆ. ವಾಪಸ್ ಬಂದರೆ ನೆಲ ಇದೆ ಅಂತ ಅರ್ಥ. ಬರದೇ ಹೋದರೆ ಮುಂದೆ ಮೆಟ್ಟಿಲೋ ಗುಂಡಿಯೋ ಇದೆ ಅಂತ ನಿಂತುಬಿಡ್ತಾನೆ. ಕಪ್ಪು ಬಣ್ಣ ಬೆಳಕನ್ನು ನುಂಗಿಬಿಡತ್ತೆ. ನಿಮ್ಮ ಅಂಚು ಅವನ ಪಾಲಿಗೆ ಪ್ರಪಾತ, ಶ್ರೀಪತಿ ಸರ್."

"ನಮ್ಮ ತಾತ ಆಸೆಪಟ್ಟು ಹಾಕಿಸಿದ ಅಂಚು ಅದು!" ಎಂದ ಶ್ರೀಪತಿ, ತಾತನಿಗೇ ಅವಮಾನ ಆದವನ ಹಾಗೆ.

ಇಷ್ಟಕ್ಕೇ ಮುಗಿದಿದ್ದರೆ ಮನೆ ಮಾತು ಮನೆಯಲ್ಲೇ ಇರುತ್ತಿತ್ತು. ಗುಂಡ ಸುತ್ತುವಾಗ ಮನೆಯ ನಕ್ಷೆ ಬರೆಯುತ್ತಾನೆ, ಅದು ಫೋನಿನಲ್ಲಿ ಕಾಣುತ್ತದೆ. ಶ್ರೀಪತಿ ಉತ್ಸಾಹದಲ್ಲಿ ಅದನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಶಿವಮೊಗ್ಗದ ಭಾವಮೈದ ಮೊದಲು ಬಂದ. "ಭಾವ, ನಿಮ್ಮ ಅಡುಗೆಮನೆ ಆಗ್ನೇಯದಲ್ಲಿ ಇಲ್ವಲ್ಲ, ಅದಕ್ಕೇ ನಿಮಗೆ ಗ್ಯಾಸ್ಟ್ರಿಕ್." ಅದರ ಹಿಂದೆಯೇ ತುಮಕೂರಿನ ಚಿಕ್ಕಮ್ಮ. ನಕ್ಷೆಯಲ್ಲಿ ಕಾಣುತ್ತಿದ್ದದ್ದು ಕಪ್ಪು ಅಂಚಿನ ಈಚೆಯ ಅರ್ಧ ಮನೆ ತಾನೇ? ಅವರು ಕೇಳಿದರು: "ಮನೆ ಭಾಗ ಆಯ್ತೇನೋ ಶ್ರೀಪತಿ? ನಮಗೆ ಒಂದು ಮಾತು ಹೇಳಬಾರದಿತ್ತಾ?"

ಸಂಜೆ ಹೊತ್ತಿಗೆ ದಾವಣಗೆರೆಯ ತಮ್ಮನ ಫೋನು. "ಅಣ್ಣಾ, ನನ್ನ ಪಾಲು ಯಾವುದು?"

ಶ್ರೀಪತಿ ಬೆವರಿ ಆ ನಕ್ಷೆಯನ್ನು ಅಳಿಸಿದ. ಅಳಿಸಿದ್ದು 'ನನಗೆ ಮಾತ್ರ' ಅನ್ನುವ ಕಡೆ ಒತ್ತಿ. ಅವನ ಫೋನಿನಲ್ಲಿ ಇಲ್ಲ, ಉಳಿದ ಅಷ್ಟೂ ನೆಂಟರ ಫೋನಿನಲ್ಲಿ ಇದೆ. ಗೊತ್ತಾಗುವ ಹೊತ್ತಿಗೆ ವಾರ ಕಳೆದಿತ್ತು. ವಾಟ್ಸಾಪ್‌ನಲ್ಲಿ ಎಲ್ಲರಿಂದಲೂ ಅಳಿಸೋಕೆ ಎರಡು ದಿನದ ಮೇಲೆ ಸ್ವಲ್ಪ ಗಡುವು, ಅಷ್ಟೇ. ಹಾಗಾಗಿ ಆ ಕುಟುಂಬದ ದಾಖಲೆಯಲ್ಲಿ ಮನೆ ಇವತ್ತಿಗೂ ಇಬ್ಭಾಗವಾಗಿಯೇ ಇದೆ.

"ಹೆಂಗಾದರೂ ಮಾಡಿ ಇವನನ್ನು ಗಡಿ ದಾಟಿಸಬೇಕು," ಅಂತ ಶ್ರೀಪತಿ ಹಟ ಹಿಡಿದದ್ದು ಆಗಲೇ. ಆಸ್ತಿಯ ಪ್ರಶ್ನೆ ನೋಡಿ.

ಯಾವುದೋ ವಿಡಿಯೋ ನೋಡಿ, ಗುಂಡನ ಆ ಕಣ್ಣುಗಳ ಮೇಲೆ ಬಿಳಿ ಕಾಗದ ಇಟ್ಟು ಟೇಪ್ ಅಂಟಿಸಿದ. ಬೆಳಕು ಕಾಗದಕ್ಕೇ ಬಡಿದು ವಾಪಸ್ ಬರುತ್ತದೆ, ಗುಂಡನಿಗೆ ಲೋಕವೆಲ್ಲ ಸಮತಟ್ಟು. ಗಂಟೆ ನಿಗದಿ ಮಾಡಿಟ್ಟು ಗಂಡ ಹೆಂಡತಿ ಇಬ್ಬರೂ ತುಮಕೂರಿಗೆ ಮದುವೆಗೆ ಹೋದರು.

ಗುಂಡ ಕಪ್ಪು ಅಂಚು ದಾಟಿದ. ಪಡಸಾಲೆ ದಾಟಿದ. ತೊಟ್ಟಿಯನ್ನೂ ದಾಟಲು ಹೋದ.

ಧಾರೆ ಎರೆಯುವ ಹೊತ್ತಿಗೆ ಪಕ್ಕದ ಮನೆಯವರ ಫೋನು. "ಸಾರ್, ಬೀಗ ಹಾಕಿದ ನಿಮ್ಮ ಮನೆಯೊಳಗೆ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಹೆಲ್ಪ್ ಹೆಲ್ಪ್ ಅಂತಿದ್ದಾಳೆ. ಪೊಲೀಸ್‌ಗೆ ಹೇಳ್ಲಾ?"

ವಿಶಾಲಮ್ಮ ಇದನ್ನು ಹೇಳುವಾಗ ಶ್ರೀಪತಿ ಮೇಲೆ ಜಂತೆ ಎಣಿಸುತ್ತಿದ್ದ. "ಮದುವೆ ಮನೇಲಿ ಇವರು ಸ್ಪೀಕರ್ ಹಾಕ್ಕೊಂಡು ಮಾತಾಡ್ತಿದ್ರು. ಪಕ್ಕದಲ್ಲಿ ಚಿಕ್ಕಮ್ಮ ಕೂತಿದ್ರು. ಇನ್ನು ಯಾರಿಗೆ ಏನು ಹೇಳೋದು ಹೇಳಿ!"

ಇಷ್ಟಾದರೂ ಆ ಮನೆಯಲ್ಲಿ ಗುಂಡನೇ ವಾಸಿ. ಫೋನಿನಿಂದ ಉರಿಯುವ ಬಲ್ಬು ಇನ್ನೂ ಕಷ್ಟ. ಗೋಡೆಯ ಸ್ವಿಚ್ ಯಾವಾಗಲೂ ಆನ್ ಇರಬೇಕು, ಆಮೇಲೆ ಫೋನು ಹುಡುಕಿ ಬಲ್ಬ್ ಆರಿಸಬೇಕು. ವಿಶಾಲಮ್ಮ ಹುಟ್ಟಿದಾಗಿನಿಂದ ರೂಮಿನಿಂದ ಹೊರಗೆ ಬರುವಾಗ ಸ್ವಿಚ್ ಆರಿಸಿಯೇ ಬರುವವರು. ಹಾಗಾಗಿ ಬಲ್ಬು ಯಾವಾಗಲೂ ನಾಟ್ ರೀಚಬಲ್. ಒಂದು ರಾತ್ರಿ ಸ್ವಿಚ್ ಆನ್ ಇದ್ದಾಗ ಕರೆಂಟ್ ಹೋಗಿ ಬಂತು. ನಡುರಾತ್ರಿ ಅಷ್ಟೂ ಬಲ್ಬು ಒಟ್ಟಿಗೇ ಧಗ್ಗನೆ ಹೊತ್ತಿಕೊಂಡವು. ಅವುಗಳ ಸ್ವಭಾವವೇ ಹಾಗೆ, ಕರೆಂಟ್ ಬಂದ ಕೂಡಲೇ ಪೂರ್ತಿ ಉರಿಯುತ್ತವೆ. ಶ್ರೀಪತಿ ಕಳ್ಳ ಬಂದ ಅಂತ ದೊಣ್ಣೆ ಹುಡುಕಿದನಂತೆ.

"ಕಳ್ಳ ಬಂದು ಮನೆಯ ಎಲ್ಲ ದೀಪ ಹಾಕ್ತಾನೇನಯ್ಯಾ?" ಎಂದ ನಾಗೇಂದ್ರ.

"ನೀನು ಜಾಸ್ತಿ ಮಾತಾಡಬೇಡ. ನಿನ್ನ ವಾಚಿನ ಕಥೆ ಹೇಳ್ಲಾ?"

ಹೇಳಬೇಕಾದ ಕಥೆಯೇ. ನಾಗೇಂದ್ರ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾನೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ವಾಚು ಹೆಜ್ಜೆ ಎಣಿಸುವುದು ಕೈಯ ಅಲುಗಾಟ ನೋಡಿ. ಕೈ ಅಲುಗದೇ ಹೋದರೆ ಅದಕ್ಕೇನು ಗೊತ್ತು? ಮಗಳು ಕೊಡಿಸಿದ ಅದೇ ಥರದ ವಾಚು ಕಟ್ಟಿಕೊಂಡು ಅವನ ಹೆಂಡತಿ ಶನಿವಾರದ ಭಜನೆಗೆ ಹೋದರು. ಚಕ್ಕಂಬಕ್ಕಲ ಹಾಕಿ ಕೂತು ಎರಡು ಗಂಟೆ ಚಪ್ಪಾಳೆ ತಟ್ಟಿದರು. ರಾತ್ರಿ ನೋಡಿದರೆ ಕೆರೆ ಸುತ್ತಿದವನಿಗಿಂತ ಕೂತವರ ಹೆಜ್ಜೆ ಜಾಸ್ತಿ. ವಾಚು ಅವರಿಗೆ ಪಟಾಕಿ ಹಾರಿಸಿ ಶಹಬ್ಬಾಸ್ ಹೇಳಿತು. ಇವನಿಗೆ ಎದ್ದು ಓಡಾಡು ಅಂತ ಬುದ್ಧಿ ಹೇಳಿತು.

"ಅವರಿಗೆ 10,000 ಆಗಿದೆ, ನನಗೆ ಆಗಿಲ್ಲ," ಎಂದು ನಾಗೇಂದ್ರ ಕೊರಗಿದ.

"ಆ 10,000 ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕ ಅಲ್ಲ ನಾಗೇಂದ್ರ ಸರ್," ಎಂದರು ಸುಮತಿ. "1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಆ ಸಂಖ್ಯೆ ಹಿಡಿದುಕೊಳ್ತು. ಅಲ್ಲಿಂದ ಹಬ್ಬಿದ್ದು."

"ಅಂದರೆ ಒಂದು ಜಾಹೀರಾತಿಗಾಗಿ ನಾನು ದಿನಾ ಹೆಂಡತಿ ಹತ್ತಿರ ಸೋಲ್ತಿದ್ದೀನಾ?"

ಯಾರೂ ಉತ್ತರ ಕೊಡಲಿಲ್ಲ. ಕೋಡುಬಳೆ ಬಂದಿತ್ತು. ನನ್ನನ್ನು ಕೇಳಿದರೆ, ಈ ಯಂತ್ರಗಳ ಜಾಣತನ ಇರುವುದು ಇಲ್ಲೇ. ಅವು ನಮ್ಮ ಮನೆಯನ್ನು ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ನಾವೇ ಕೈ ಬೀಸಿ ನಡೆಯುತ್ತೇವೆ, ಸ್ವಿಚ್ ಮುಟ್ಟದೆ ಬರುತ್ತೇವೆ, ಚಾಪೆ ಸುತ್ತುತ್ತೇವೆ. ತಾತನ ನೆಲದ ಮೇಲೂ ನಮಗೇ ಅನುಮಾನ ಬರುತ್ತದೆ. ಅಂಚಿಗೆ ಕೆಂಪು ಬಣ್ಣ ಹೊಡೆಸಿದರೆ ಹೇಗೆ ಅಂತ ಶ್ರೀಪತಿ ಕೇಳಿಯೂ ಬಿಟ್ಟ.

"ಬಣ್ಣ ಗಿಣ್ಣ ಹೊಡೆಸಿದರೆ ನಾನು ಮಗನ ಮನೆಗೆ ಹೋಗ್ತೀನಿ," ಎಂದರು ವಿಶಾಲಮ್ಮ. ಒಂದು ಕ್ಷಣ ಯೋಚಿಸಿದರು. "ಸುಮತಿ, ಕಪ್ಪು ಬೆಳಕು ನುಂಗತ್ತೆ ಅಂದೆಯಲ್ಲ. ಬಿಳಿ?"

"ಬಿಳಿ ವಾಪಸ್ ಕಳಿಸತ್ತೆ ವಿಶಾಲಕ್ಕ."

ವಿಶಾಲಮ್ಮ ಒಳಗೆ ಹೋಗಿ ರಂಗೋಲಿ ಡಬ್ಬ ತಂದರು. ಕಪ್ಪು ಅಂಚಿನ ಮೇಲೆ, ಗುಂಡ ದಾಟುವಷ್ಟು ಅಗಲಕ್ಕೆ, ಬಿಳಿ ಪುಡಿಯನ್ನು ಸಮವಾಗಿ ಉದುರಿಸಿದರು. ಕೈ ಪಳಗಿದವರು, ಒಂದು ಕಡೆಯೂ ಹೆಚ್ಚು ಕಡಿಮೆ ಇಲ್ಲ. ನಾವೆಲ್ಲ ಕಾಲೆತ್ತಿಕೊಂಡು ಕೂತೆವು. ಶ್ರೀಪತಿ ಟೇಪ್ ಕಿತ್ತು ಗುಂಡನನ್ನು ಬಿಟ್ಟ.

ಗುಂಡ ಅಂಚಿನ ತನಕ ಬಂದ. ನಿಂತ. ಸ್ವಲ್ಪ ಮೂಸಿದ ಹಾಗೆ ಮಾಡಿದ. ಆಮೇಲೆ ಗುರ್ ಅಂತ ರಂಗೋಲಿಯ ಮೇಲೆ ಹತ್ತಿ ಆಚೆ ರೂಮಿಗೆ ಹೋಗಿಯೇಬಿಟ್ಟ. ನಾಗೇಂದ್ರ ಚಪ್ಪಾಳೆ ಹೊಡೆದ. ಅವನ ವಾಚು ಎಣಿಸಿಕೊಂಡಿರಬೇಕು. ಶ್ರೀಪತಿ ಫೋನು ಎತ್ತಿ ನಕ್ಷೆ ತೆಗೆದ. ಆಚೆ ರೂಮು ಮೆಲ್ಲಗೆ ಮೂಡುತ್ತಿತ್ತು. "ಈಗಲೇ ಗ್ರೂಪಿಗೆ ಹಾಕ್ತೀನಿ, ಮನೆ ಒಂದೇ ಇದೆ ಅಂತ ತೋರಿಸ್ತೀನಿ."

ಅಷ್ಟರಲ್ಲಿ ಆಚೆಯಿಂದ ಇಂಗ್ಲಿಷ್ ಕೇಳಿಸಿತು. ಬ್ಯಾಟರಿ ಮುಗಿಯುತ್ತಿದೆಯಂತೆ, ಚಾರ್ಜಿಗೆ ವಾಪಸ್ ಬರುತ್ತಾನಂತೆ. ಬಂದ. ಅಂಚಿನ ಹತ್ತಿರ ಗಕ್ಕನೆ ನಿಂತ. ಹಿಂದೆ ಸರಿದ. ಮತ್ತೆ ಬಂದ, ಮತ್ತೆ ನಿಂತ.

ಸುಮತಿ ಬಗ್ಗಿ ನೋಡಿದರು. ಅಂಚು ಕಪ್ಪಗೆ ಫಳಫಳ ಹೊಳೆಯುತ್ತಿತ್ತು. ಗುಡಿಸುವುದು ಅವನ ಕೆಲಸ ಅಲ್ವಾ? ಹೋಗುವಾಗಲೇ ಒಂದು ಕಾಳು ಬಿಡದೆ ಗುಡಿಸಿಕೊಂಡು ಹೋಗಿದ್ದ.

"ಇನ್ನೊಂದು ಹಿಡಿ ರಂಗೋಲಿ ಹಾಕಿ ಅತ್ತಿಗೆ, ಪಾಪ, ಮನೆಗೆ ಬರಲಿ," ಎಂದ ನಾಗೇಂದ್ರ.

ವಿಶಾಲಮ್ಮ ಡಬ್ಬ ಬೋರಲು ಹಾಕಿ ತೋರಿಸಿದರು. "ಎಲ್ಲಿದೆ? ಇದ್ದದ್ದೆಲ್ಲ ಅವನ ಹೊಟ್ಟೇಲೇ ಇದೆ."